ಎದೆಯ ಸದ್ದು ಕೇಳದೆ ಹಾಕುವ ಸಹಿ

ಕಳೆದ ವರ್ಷದ ಕ್ರೀಡಾಕೂಟದ ಮೊದಲ ದಿನ. ಹುಡುಗಿಯರ 800 ಮೀಟರ್ ಓಟದ ಎರಡನೇ ಸುತ್ತಿನಲ್ಲಿ, ಮಾವಿನ ಮರದ ಪಕ್ಕದ ತಿರುವಿನ ಹತ್ತಿರ, ನನ್ನ ತರಗತಿಯ ಗೆಳತಿಯೊಬ್ಬಳು ಬಿದ್ದಳು. ಎಡವಿ ಬಿದ್ದದ್ದಲ್ಲ. ಓಡುತ್ತಿದ್ದವಳು ಹಾಗೆಯೇ ಮಡಚಿಕೊಂಡಂತೆ ಕುಸಿದಳು. ನಾವು ಓಡಿ ಹೋಗುವಷ್ಟರಲ್ಲಿ ಕಣ್ಣು ಬಿಟ್ಟಿದ್ದಳು. ಯಾರೋ ಗ್ಲೂಕೋಸ್ ನೀರು ಕುಡಿಸಿದರು, ಯಾರೋ ಗಾಳಿ ಬೀಸಿದರು. "ಬೆಳಿಗ್ಗೆ ತಿಂಡಿ ತಿಂದಿಲ್ವಂತೆ" ಎಂಬ ತೀರ್ಪು ಐದು ನಿಮಿಷದಲ್ಲಿ ಇಡೀ ಮೈದಾನ ಸುತ್ತಿ ಬಂತು. ಅಲ್ಲಿಗೆ ವಿಷಯ ಮುಗಿಯಿತು. ಮಧ್ಯಾಹ್ನ ಅವಳು ನಮ್ಮ ಜೊತೆಯಲ್ಲೇ ಕುಳಿತು ಬಿರಿಯಾನಿ ತಿಂದಳು.

ಮೂರು ತಿಂಗಳ ನಂತರ ಅವಳ ಮಾವ ಊರಿಗೆ ಬಂದಾಗ ಈ ಕಥೆ ಕೇಳಿ, ನೇರವಾಗಿ ಮಂಗಳೂರಿಗೆ ಕರೆದುಕೊಂಡು ಹೋಗಿ ಇಸಿಜಿ, ಎಕೋ ಎರಡನ್ನೂ ಮಾಡಿಸಿದರು. ಎಲ್ಲವೂ ಸರಿಯಾಗಿತ್ತು, ಅಲ್ಹಮ್ದುಲಿಲ್ಲಾಹ್. ಈ ಲೇಖನದಲ್ಲಿ ದುರಂತ ಯಾವುದೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳ ಹೃದಯ ಸರಿಯಿದೆ ಎಂಬುದು ನಮಗೆ ಗೊತ್ತಾದದ್ದು ಮೂರು ತಿಂಗಳ ನಂತರ. ಬಿದ್ದ ದಿನ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದವರಂತೆ ಮಾತಾಡಿದೆವು, ಅಷ್ಟೇ.

ಇನ್ನೊಂದು ಸಂಗತಿ. ಕ್ರೀಡಾಕೂಟಕ್ಕೆ ಮೊದಲು ನಾವೆಲ್ಲ ಒಂದು ಫಾರಂ ತುಂಬಿಸುತ್ತೇವೆ. ಹೆಸರು, ತರಗತಿ, ರಕ್ತದ ಗುಂಪು, ಕೊನೆಯಲ್ಲಿ "ಈ ವಿದ್ಯಾರ್ಥಿಯು ಕ್ರೀಡೆಯಲ್ಲಿ ಭಾಗವಹಿಸಲು ದೈಹಿಕವಾಗಿ ಸಮರ್ಥ" ಎಂಬ ಒಂದು ಸಾಲು, ಅದರ ಕೆಳಗೆ ವೈದ್ಯರ ಸಹಿ. ನನ್ನ ಫಾರಂಗೆ ಸಹಿ ಮಾಡಿದ ವೈದ್ಯರು ನನ್ನ ಮುಖವನ್ನು ಒಮ್ಮೆ ನೋಡಿದ್ದರು. ಹಲವರದ್ದು ಅದೂ ಇಲ್ಲ, ಅಣ್ಣನೋ ಅಪ್ಪನೋ ಕಾಗದ ಒಯ್ದು ಸಹಿ ಮಾಡಿಸಿ ತಂದದ್ದು. ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಕೇಳುವ ನಾವೂ ಸಹಿ ಮಾತ್ರ ಕೇಳುತ್ತೇವೆ. ಕಾಲೇಜೂ ಸಹಿ ಇದೆಯೇ ಎಂದು ಮಾತ್ರ ನೋಡುತ್ತದೆ. ಒಂದು ಸುಳ್ಳನ್ನು ಮೂರು ಕಡೆಯವರು ಸೇರಿ ಬಹಳ ಮರ್ಯಾದೆಯಿಂದ ನಡೆಸಿಕೊಂಡು ಹೋಗುತ್ತಿದ್ದೇವೆ.

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದ ಸುದ್ದಿ ಟಿವಿಯಲ್ಲಿ ಬರುತ್ತಿದ್ದದ್ದು ಎಲ್ಲರಿಗೂ ನೆನಪಿರಬಹುದು. ಚಿಕ್ಕ ವಯಸ್ಸಿನವರ ಹಠಾತ್ ಸಾವು, ದಿನಕ್ಕೊಂದು ಹೆಸರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನರ ಸಾಲು ಬೆಳೆಯಿತು. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಳ್ಳುಳ್ಳಿಯಿಂದ ಹಿಡಿದು ಲಸಿಕೆಯವರೆಗೆ ನೂರು ಕಾರಣ, ನೂರು ಔಷಧಿ ಬಂದವು. ಎಲ್ಲ ಸಾವಿಗೂ "ಹಾರ್ಟ್ ಅಟ್ಯಾಕ್" ಎಂಬ ಒಂದೇ ಹೆಸರು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು, ಒಂದು ರೀತಿಯ ಪೈಪಿನ ತೊಂದರೆ. ಹೃದಯ ಸ್ತಂಭನ ಎಂದರೆ ಹೃದಯದ ವಿದ್ಯುತ್ ಲಯ ಕೆಟ್ಟು, ಅದು ಬಡಿಯುವ ಬದಲು ಸುಮ್ಮನೆ ನಡುಗತೊಡಗುವುದು. ಹರೆಯದವರ ಹಠಾತ್ ಸಾವಿನಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಅದಕ್ಕೆ ಕಾರಣಗಳು ಹಲವು: ಹುಟ್ಟಿನಿಂದ ದಪ್ಪಗಾದ ಹೃದಯ ಸ್ನಾಯು, ವಿದ್ಯುತ್ ವ್ಯವಸ್ಥೆಯ ದೋಷ, ತಪ್ಪು ಜಾಗದಿಂದ ಹೊರಟ ರಕ್ತನಾಳ. ಈ ಪಟ್ಟಿಯಲ್ಲಿ ಕವಾಟದ ತೊಂದರೆಗಳ ಪಾಲು ದೊಡ್ಡದಲ್ಲ. ಹಾಗಿದ್ದರೂ ನಾನು ಕವಾಟದ ಬಗ್ಗೆಯೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಉಳಿದ ಹಲವು ತೊಂದರೆಗಳು ಮೌನವಾಗಿರುತ್ತವೆ. ಕೆಟ್ಟ ಕವಾಟ ಸಾಮಾನ್ಯವಾಗಿ ಸದ್ದು ಮಾಡುತ್ತದೆ.

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ನಾವೆಲ್ಲ "ಲಬ್" ಮತ್ತು "ಡಬ್" ಬಾಯಿಪಾಠ ಮಾಡಿದ್ದೇವೆ. ಮೇಲಿನ ಕೋಣೆ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟಗಳು ಮುಚ್ಚಿದಾಗ ಲಬ್, ಹೊರಹೋಗುವ ನಾಳಗಳ ಬಾಯಲ್ಲಿರುವ ಅರ್ಧಚಂದ್ರ ಕವಾಟಗಳು ಮುಚ್ಚಿದಾಗ ಡಬ್. ಎರಡು ಅಂಕ. ಆ ಎರಡು ಸದ್ದುಗಳ ನಡುವೆ ಏನೂ ಕೇಳಿಸಬಾರದು ಎಂಬುದೇ ಅದರ ಅರ್ಥ ಎಂದು ನನಗೆ ಆಗ ಹೊಳೆದಿರಲಿಲ್ಲ. ತೋಟದ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿ, ನೀರು ಬುಸುಗುಡುತ್ತದೆ. ಕವಾಟ ಕಿರಿದಾದರೂ ಸೋರಿದರೂ ರಕ್ತ ಹಾಗೆಯೇ ಬುಸುಗುಡುತ್ತದೆ. ವೈದ್ಯರು ಅದನ್ನು ಮರ್ಮರ್ ಎನ್ನುತ್ತಾರೆ. ಅದನ್ನು ಕೇಳಲು ಬೇಕಾದ ಉಪಕರಣವನ್ನು ಪ್ಯಾರಿಸಿನ ಲೆನೆಕ್ ಎಂಬ ವೈದ್ಯ 1816ರಲ್ಲೇ ಕಾಗದ ಸುರುಳಿ ಸುತ್ತಿ ಕಂಡುಹಿಡಿದಿದ್ದಾನೆ. ಇನ್ನೂರು ವರ್ಷ ಕಳೆದ ಮೇಲೂ ನಮ್ಮ ಫಾರಂಗೆ ಸಹಿ ಬೀಳುವಾಗ ಆ ಉಪಕರಣ ಮೇಜಿನ ಮೇಲೇ ಇರುತ್ತದೆ.

ಕವಾಟದ ತೊಂದರೆ ಜೀವ ತೆಗೆಯುವುದು ಹೇಗೆ? ಎಡ ಕೆಳಕೋಣೆಯಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲಲ್ಲಿ ಅಯೋರ್ಟಿಕ್ ಕವಾಟವಿದೆ. ಅದಕ್ಕೆ ಮೂರು ಎಸಳು ಇರಬೇಕು. ನೂರರಲ್ಲಿ ಸುಮಾರು ಒಬ್ಬರಿಗೆ ಹುಟ್ಟಿನಿಂದಲೇ ಎರಡು ಎಸಳು ಮಾತ್ರ ಇರುತ್ತವೆ, ಹುಡುಗರಲ್ಲಿ ಇದು ಹೆಚ್ಚು. ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ಗೆ ಇದ್ದದ್ದು ಇದೇ. ಏಳು ಬಾರಿ ಮಿಸ್ಟರ್ ಒಲಿಂಪಿಯಾ ಆದ ಮನುಷ್ಯನಿಗೆ 1997ರಲ್ಲಿ ಕವಾಟದ ಶಸ್ತ್ರಚಿಕಿತ್ಸೆ ಆಯಿತು. ಜಿಮ್‌ಗೆ ಹೋಗುವ ನಮ್ಮ ಕಾಮರ್ಸ್ ವಿಭಾಗದ ಅಣ್ಣಂದಿರಿಗೆ ಇದನ್ನು ನೆನಪಿಸುತ್ತೇನೆ, ತೋಳು ದಪ್ಪಗಿದೆ ಎಂದರೆ ಕವಾಟ ಸರಿಯಿದೆ ಎಂದು ಅರ್ಥವಲ್ಲ. ಎರಡೆಸಳಿನವರಲ್ಲಿ ಬಹುತೇಕರು ದಶಕಗಳ ಕಾಲ ಆರಾಮಾಗಿ ಇರುತ್ತಾರೆ. ಕೆಲವರಲ್ಲಿ ಮಾತ್ರ ಬಾಗಿಲು ಚಿಕ್ಕ ವಯಸ್ಸಿನಲ್ಲೇ ತೀರಾ ಕಿರಿದಾಗಿರುತ್ತದೆ. ಓಡುವಾಗ ಕಾಲಿನ ಸ್ನಾಯುಗಳ ರಕ್ತನಾಳಗಳು ಅಗಲವಾಗಿ ತೆರೆದು ಹೆಚ್ಚು ರಕ್ತ ಕೇಳುತ್ತವೆ. ಕಿರಿದಾದ ಬಾಗಿಲಿನಿಂದ ಅಷ್ಟು ಹೊರಬರುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ಮಿದುಳಿಗೆ ರಕ್ತ ಸಾಲುವುದಿಲ್ಲ, ಓಡುತ್ತಿದ್ದವನು ಬೀಳುತ್ತಾನೆ. ಅದೇ ಹೊತ್ತಿಗೆ ವರ್ಷಗಟ್ಟಲೆ ತಳ್ಳಿ ತಳ್ಳಿ ದಪ್ಪಗಾದ ಹೃದಯದ ಗೋಡೆಗೂ ರಕ್ತ ಸಾಲದೆ ಲಯ ಕೆಡಬಹುದು. ಕೆಟ್ಟರೆ ಅವನು ಏಳುವುದಿಲ್ಲ.

ಅಸೆಂಬ್ಲಿಯಲ್ಲಿ ಬಿಸಿಲಿಗೆ ನಿಂತು ಬೀಳುವುದು, ಇಂಜೆಕ್ಷನ್ ನೋಡಿ ಬೀಳುವುದು, ಓಟ ಮುಗಿಸಿ ಥಟ್ಟನೆ ನಿಂತಾಗ ತಲೆ ಸುತ್ತುವುದು, ಇವು ಹೆಚ್ಚಿನ ಬಾರಿ ಗಾಬರಿಪಡುವ ವಿಷಯಗಳಲ್ಲ. ಓಡುತ್ತಿರುವಾಗಲೇ, ಕಾಲು ಇನ್ನೂ ಚಲಿಸುತ್ತಿರುವಾಗಲೇ ಬೀಳುವುದು ಬೇರೆ. ಅದು ತಿಂಡಿ ತಿನ್ನದ ಕಾರಣದಿಂದಲೂ ಇರಬಹುದು, ಆದರೆ ಹೃದಯದ ಪರೀಕ್ಷೆ ಆಗುವವರೆಗೆ ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ನನ್ನ ಗೆಳತಿ ಬಿದ್ದ ದಿನ ಈ ಒಂದು ವ್ಯತ್ಯಾಸ ಮೈದಾನದಲ್ಲಿದ್ದ ಮುನ್ನೂರು ಜನರಲ್ಲಿ ಒಬ್ಬರಿಗೆ ಗೊತ್ತಿದ್ದರೂ ಸಾಕಿತ್ತು.

ಎರಡನೆಯದು ಮೈಟ್ರಲ್ ಕವಾಟ, ಎಡಭಾಗದ ಎರಡು ಕೋಣೆಗಳ ನಡುವಿನದು. ಇದರ ಎಸಳು ಸ್ವಲ್ಪ ಸಡಿಲವಾಗಿ ಹಿಂದಕ್ಕೆ ಉಬ್ಬುವ ತೊಂದರೆ ನೂರರಲ್ಲಿ ಎರಡು ಮೂರು ಜನರಿಗೆ ಇರುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಹೀಗಿದ್ದರೂ ಇಟಲಿಯ ಪಾದುವಾದ ಸಂಶೋಧಕರು 40 ವರ್ಷದೊಳಗೆ ಹಠಾತ್ತಾಗಿ ಸತ್ತ 650 ಜನರ ಹೃದಯಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 43 ಸಾವುಗಳಿಗೆ ಈ ಸಡಿಲ ಕವಾಟವೇ ಕಾರಣವಾಗಿ ಕಂಡಿತು, ಅವರಲ್ಲಿ ಹೆಂಗಸರೇ ಹೆಚ್ಚು. ಎಸಳು ಪ್ರತಿ ಬಡಿತಕ್ಕೂ ಎಳೆದೆಳೆದು ಅದನ್ನು ಹಿಡಿದಿಟ್ಟ ಸ್ನಾಯುವಿನಲ್ಲಿ ಗಾಯದ ಕಲೆಯಾಗಿ, ಆ ಕಲೆಯಿಂದ ಲಯ ಕೆಡುತ್ತದೆ. ಇಂಥ ಅಪರೂಪದ ಕೆಲವರನ್ನು ಉಳಿದ ಬಹುಸಂಖ್ಯಾತರಿಂದ ಬೇರ್ಪಡಿಸುವುದು ವೈದ್ಯರ ಕೆಲಸ. ಎದೆಗೆ ಕಿವಿ ಕೊಟ್ಟಾಗ ಕೇಳುವ ಸಣ್ಣ "ಕ್ಲಿಕ್" ಮೊದಲ ಸುಳಿವು.

ಮೂರನೆಯದು ನಮ್ಮ ಮನೆಯದೇ ಕಥೆ. ನನ್ನ ಚಿಕ್ಕಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ಒಂಬತ್ತು ವರ್ಷ ಇದ್ದಾಗ ಮೇಲಿಂದ ಮೇಲೆ ಗಂಟಲು ನೋವು ಬರುತ್ತಿತ್ತಂತೆ. ಒಮ್ಮೆ ಗಂಟಲು ನೋವು ವಾಸಿಯಾಗಿ ಎರಡು ಮೂರು ವಾರದ ಮೇಲೆ ಮೊಣಕಾಲು ಊದಿತು, ಅದು ಇಳಿಯುವಷ್ಟರಲ್ಲಿ ಮಣಿಕಟ್ಟು ಊದಿತು. "ಬೆಳೆಯುವ ವಯಸ್ಸಿನ ನೋವು" ಎಂದು ಎಣ್ಣೆ ತಿಕ್ಕಿದರು. ನೋವು ಹೋಯಿತು, ಎಲ್ಲರೂ ಮರೆತರು. ಅದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದಾಗ ಅದರ ವಿರುದ್ಧ ದೇಹ ತಯಾರಿಸಿದ ಸೈನ್ಯ ಗುರುತು ತಪ್ಪಿ ತನ್ನದೇ ಕೀಲು, ತನ್ನದೇ ಹೃದಯದ ಮೇಲೆ ಏರಿ ಹೋಗುತ್ತದೆ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬ ಹಳೆಯ ಮಾತೊಂದು ವೈದ್ಯರಲ್ಲಿದೆ. 5ರಿಂದ 15 ವರ್ಷದ ಮಕ್ಕಳಿಗೆ ಇದು ಹೆಚ್ಚು ಬರುವುದು. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಸರಿಯಾದ ಪೆನಿಸಿಲಿನ್ ಸಿಕ್ಕಿದರೆ ಇದನ್ನು ತಡೆಯಬಹುದು. ಎಲ್ಲ ಗಂಟಲು ನೋವಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ, ನೆಗಡಿ ಕೆಮ್ಮಿನ ಜೊತೆ ಬರುವುದು ಸಾಮಾನ್ಯವಾಗಿ ವೈರಸ್. ನೆಗಡಿ ಇಲ್ಲದೆ ಜ್ವರ, ನುಂಗಲಾಗದ ನೋವು, ಕುತ್ತಿಗೆಯಲ್ಲಿ ಗಂಟು ಇದ್ದರೆ ವೈದ್ಯರಿಗೆ ತೋರಿಸಬೇಕು. ಕೊಟ್ಟ ಮಾತ್ರೆಯನ್ನು ಮೂರನೇ ದಿನಕ್ಕೆ ನಿಲ್ಲಿಸಬಾರದು. ನಮ್ಮ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಆರು ಜನ. ಇಂಥ ಸೋಂಕು ಹರಡುವುದೂ ಇಂಥ ಕೋಣೆಗಳಲ್ಲೇ.

ಮದುವೆಯಾಗಿ 22ನೇ ವಯಸ್ಸಿನಲ್ಲಿ ಚಿಕ್ಕಮ್ಮ ಗರ್ಭಿಣಿಯಾದರು. ಆರನೇ ತಿಂಗಳಲ್ಲಿ ಉಸಿರು ಕಟ್ಟತೊಡಗಿತು. ರಾತ್ರಿ ಮಲಗಲಾಗದೆ ಗೋಡೆಗೆ ಒರಗಿ ಕೂರುತ್ತಿದ್ದರು. "ಹೊಟ್ಟೆ ಹೊತ್ತವರಿಗೆ ಇದೆಲ್ಲ ಇದ್ದದ್ದೇ" ಎಂದು ಹತ್ತು ಹೆಂಗಸರು ಹೇಳಿದರು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಮೈಟ್ರಲ್ ಕವಾಟ ಅದನ್ನು ಕೆಳಗೆ ಬಿಡದಿದ್ದರೆ ಆ ಹೊರೆ ಹಿಂದಕ್ಕೆ, ಶ್ವಾಸಕೋಶಕ್ಕೆ ಹೋಗುತ್ತದೆ. ಕೊನೆಗೆ ಒಬ್ಬ ಲೇಡಿ ಡಾಕ್ಟರ್ ಎಡಮಗ್ಗುಲಾಗಿ ಮಲಗಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಒಂದು ನಿಮಿಷ ಯಾರೂ ಮಾತಾಡಬೇಡಿ ಎಂದರಂತೆ. ಆ ಒಂದು ನಿಮಿಷದಿಂದ ಚಿಕ್ಕಮ್ಮ ಉಳಿದರು. ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಕವಾಟ ಹಿಗ್ಗಿಸಿದರು. ಆ ಮಗು ಈಗ ಐದನೇ ತರಗತಿಯಲ್ಲಿದ್ದಾನೆ, ಬಹಳ ತಂಟೆ.

ಚಿಕ್ಕಮ್ಮ ನನಗೆ ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಹತ್ತನೇ ತರಗತಿಯಲ್ಲಿದ್ದಾಗಲೇ ಶಾಲೆಯ ಶಿಬಿರವೊಂದರಲ್ಲಿ ಯಾರೋ ವೈದ್ಯರು "ಎದೆಯಲ್ಲಿ ಏನೋ ಸದ್ದಿದೆ, ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದು ಚೀಟಿ ಬರೆದು ಕೊಟ್ಟಿದ್ದರಂತೆ. ಆ ಚೀಟಿಯನ್ನು ಮನೆಯಲ್ಲಿ ಹರಿದು ಹಾಕಿದರು. ಹುಡುಗಿಗೆ ಹಾರ್ಟ್ ಪ್ರಾಬ್ಲಂ ಎಂದು ಊರಿಗೆ ಗೊತ್ತಾದರೆ ಯಾರು ಮದುವೆಯಾಗುತ್ತಾರೆ? ಹರಿದವರು ಕೆಟ್ಟವರಲ್ಲ, ನನ್ನ ಸ್ವಂತ ಅಜ್ಜ ಅಜ್ಜಿ. ಮಗಳ ಮೇಲಿನ ಪ್ರೀತಿಯಿಂದಲೇ ಹರಿದರು. ಅದೇ ಮದುವೆ, ಅದೇ ಗರ್ಭ ಅವಳನ್ನು ಸಾವಿನ ಬಾಗಿಲಿಗೆ ಒಯ್ದಿತು. ನಮ್ಮ ಕಾಲೇಜಿನಲ್ಲಿ ಹುಡುಗಿಯರೇ ಹೆಚ್ಚು. ಇಂಥ ಹರಿದ ಚೀಟಿ ಎಷ್ಟು ಮನೆಗಳಲ್ಲಿ ಇದೆಯೋ.

ಚಿಕ್ಕಮ್ಮ ಈಗಲೂ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಜ್ವರ ಮತ್ತೆ ಬಂದರೆ ಕವಾಟ ಮತ್ತಷ್ಟು ಕೆಡುತ್ತದೆ, ಅದಕ್ಕೆ. ಬಲೂನ್ ಸಾಲದವರಿಗೆ ಕೃತಕ ಕವಾಟ ಹಾಕುತ್ತಾರೆ. ನಮ್ಮ ದೇಶದ್ದೇ ಆದ ಚಿತ್ರಾ ಕವಾಟವನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ತಯಾರಿಸಿತು. ಮೊದಲ ಮೂರು ಮಾದರಿಗಳು ವಿಫಲವಾಗಿ ನಾಲ್ಕನೆಯದು ಗೆದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು, 2024ರಲ್ಲಿ ಅಲ್ಲೇ ತೀರಿಕೊಂಡರು. ಇಂಥ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವಮಾನವಿಡೀ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಕವಾಟಕ್ಕೆ ರಕ್ತದ ಗಂಟು ಅಂಟಿ ಅದು ನಿಂತೇ ಹೋಗಬಹುದು. ಗುಟ್ಟಾಗಿ ಇಟ್ಟುಕೊಂಡವರು ಮಾತ್ರೆಯನ್ನೂ ಗುಟ್ಟಾಗಿ ನುಂಗಬೇಕಾಗುತ್ತದೆ, ಒಂದು ದಿನ ಬಿಟ್ಟೂ ಹೋಗುತ್ತದೆ.

ಈಗ ನನ್ನ ಬೇಡಿಕೆ. ಈ ವರ್ಷದ ಕ್ರೀಡಾಕೂಟಕ್ಕೆ ಮೊದಲು ಕಾಲೇಜು ಆ ಸಹಿಯ ಫಾರಂ ಕೈಬಿಟ್ಟು, ನಿಜವಾಗಿ ಕೇಳುವ ಒಂದು ದಿನ ಇಡಬೇಕು. ಕೇಳುವುದು ಎಂದರೆ ಎರಡೂ ಅರ್ಥದಲ್ಲಿ: ಪ್ರಶ್ನೆ ಕೇಳುವುದು, ಎದೆಯ ಸದ್ದು ಕೇಳುವುದು. ಅಮೆರಿಕದ ಹೃದಯ ಸಂಘ ಶಾಲಾ ಕ್ರೀಡಾಪಟುಗಳಿಗಾಗಿ 14 ಅಂಶಗಳ ಒಂದು ಪಟ್ಟಿ ಇಟ್ಟಿದೆ. ಅದರಲ್ಲಿ ಹತ್ತು ಬರೀ ಪ್ರಶ್ನೆಗಳು. ಓಡುವಾಗ ಎದೆ ನೋವು ಬಂದದ್ದಿದೆಯೇ, ಕಾರಣವಿಲ್ಲದೆ ಪ್ರಜ್ಞೆ ತಪ್ಪಿದ್ದಿದೆಯೇ, ಮನೆಯಲ್ಲಿ ಯಾರಾದರೂ 50 ವರ್ಷಕ್ಕೆ ಮೊದಲೇ ಹೃದಯದ ಕಾರಣದಿಂದ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ, ಹಿಂದೆ ಯಾರಾದರೂ ಮರ್ಮರ್ ಇದೆ ಎಂದಿದ್ದಾರೆಯೇ, ಇಂಥವು. ಉಳಿದ ನಾಲ್ಕಕ್ಕೆ ಮಾತ್ರ ವೈದ್ಯರ ಕೈ ಬೇಕು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯ ರೋಗವೂ ಇದೆ, ಆದರೆ ಆ ತಂಡ ಹೋಗುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ನಮ್ಮಂಥ ಖಾಸಗಿ ಕಾಲೇಜು ತಾನೇ ವ್ಯವಸ್ಥೆ ಮಾಡಿಕೊಳ್ಳಬೇಕು.

ಹುಡುಗಿಯರಿಗೆ ಲೇಡಿ ಡಾಕ್ಟರ್, ಪರದೆ ಹಾಕಿದ ಕೋಣೆ, ಮಲಗಲು ಒಂದು ಬೆಂಚು ಬೇಕೇ ಬೇಕು. ಬುರ್ಖಾ, ಅದರ ಮೇಲೆ ದುಪಟ್ಟಾ, ಅದರ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಕೇಳುವುದು ಬಟ್ಟೆಯ ಸದ್ದು ಮಾತ್ರ. ಚಿಕ್ಕಮ್ಮನಿಗಿದ್ದಂಥ ತಗ್ಗು ಸ್ವರದ ಮರ್ಮರ್ ಅದರಲ್ಲಿ ಕೇಳಿಸುವುದೇ ಇಲ್ಲ. ನಾಚಿಕೆಯಿಂದ ನಾವು ಬೇಡ ಎನ್ನುತ್ತೇವೆ, ಮುಜುಗರದಿಂದ ಅವರು ಬಿಡುತ್ತಾರೆ. ವ್ಯವಸ್ಥೆ ಸರಿಯಿದ್ದರೆ ನಾಚುವ ಪ್ರಶ್ನೆಯೇ ಬರುವುದಿಲ್ಲ. ಬರೆದ ಚೀಟಿ ವಿದ್ಯಾರ್ಥಿ ಮತ್ತು ಹೆತ್ತವರ ಕೈಗೆ ಮಾತ್ರ ಹೋಗಬೇಕು, ನೋಟಿಸ್ ಬೋರ್ಡಿಗಲ್ಲ. ಸ್ಟಾಫ್ ರೂಮಿಗೂ ಅಲ್ಲ, ಕ್ಷಮಿಸಿ.

ಇದನ್ನು ದೈಹಿಕ ಶಿಕ್ಷಣದ ಸರ್ ಹತ್ತಿರ ಹೇಳಿದಾಗ ಅವರು ಎರಡು ಆಕ್ಷೇಪ ಎತ್ತಿದರು. ಎರಡೂ ಸುಮ್ಮನೆ ತಳ್ಳಿಹಾಕುವಂಥವಲ್ಲ. ಒಂದು, ಸ್ಟೆತಸ್ಕೋಪಿಗೆ ಎಲ್ಲವೂ ಸಿಗುವುದಿಲ್ಲ. ನಿಜ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಕೋ ಯಂತ್ರ ಹಿಡಿದ ರುಮ್ಯಾಟಿಕ್ ಪ್ರಕರಣಗಳು ಕಿವಿಯಿಂದ ಹಿಡಿದವುಗಳ ಸುಮಾರು ಹತ್ತು ಪಟ್ಟು. ಇಟಲಿಯಲ್ಲಿ 1982ರಿಂದ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ಪರೀಕ್ಷೆ ಕಡ್ಡಾಯವಾದ ಮೇಲೆ ವೆನೆಟೊ ಪ್ರಾಂತದಲ್ಲಿ ಅವರ ಹಠಾತ್ ಸಾವು ಬಹಳ ಇಳಿಯಿತು ಎನ್ನುತ್ತಾರೆ. ಇಸ್ರೇಲಿನಲ್ಲಿ ಅಂಥದೇ ಕಾನೂನು ಬಂದ ಮೇಲೆ ವ್ಯತ್ಯಾಸ ಕಾಣಲಿಲ್ಲ ಎಂಬ ಅಧ್ಯಯನವೂ ಇದೆ. ಹಾಗಾಗಿ ಎಲ್ಲರಿಗೂ ಎಕೋ, ಇಸಿಜಿ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ದೊಡ್ಡದನ್ನು ಮಾಡಲಾಗುವುದಿಲ್ಲ ಎಂದು ಚಿಕ್ಕದನ್ನೂ ಬಿಡುವುದು ಬೇಡ, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. "ಪ್ರಶ್ನೆ ಕೇಳಲು ಶುರು ಮಾಡಿದರೆ ಹೆದರಿ ಹೆತ್ತವರು ಹುಡುಗಿಯರನ್ನು ಆಟದಿಂದಲೇ ಬಿಡಿಸುತ್ತಾರೆ. ಈಗ ಮೈದಾನಕ್ಕೆ ಬರುವುದೇ ಕಷ್ಟದಲ್ಲಿ." ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಎದೆಯಲ್ಲಿ ಸದ್ದು ಕೇಳಿಸಿದ ಮಕ್ಕಳಲ್ಲಿ ಹೆಚ್ಚಿನವರದ್ದು ನಿರಪಾಯದ ಮರ್ಮರ್, ಬೆಳೆಯುವ ಆರೋಗ್ಯವಂತ ಹೃದಯದ ಸದ್ದು. ಕವಾಟದ ದೋಷ ಇರುವವರಲ್ಲೂ ಬಹಳ ಮಂದಿ ವೈದ್ಯರ ಸಲಹೆಯಂತೆ ಆಡಬಹುದು. ಹೆತ್ತವರ ಸಭೆಯಲ್ಲಿ ಪರೀಕ್ಷೆಗೆ ಮೊದಲೇ ಇದನ್ನು ಬಿಡಿಸಿ ಹೇಳಬೇಕು. ಸರ್ ಸ್ವತಃ ಹೇಳಿದರೆ ಅವರ ಮಾತನ್ನು ಜನ ಕೇಳುತ್ತಾರೆ.

ಎಷ್ಟು ಪರೀಕ್ಷೆ ಮಾಡಿದರೂ ಯಾರೋ ಒಬ್ಬರು ತಪ್ಪಿಸಿಕೊಳ್ಳುತ್ತಾರೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಎರಿಕ್ಸನ್ ಮೈದಾನದ ನಡುವೆ ಬಿದ್ದದ್ದನ್ನು ನಮ್ಮ ಫುಟ್ಬಾಲ್ ಹುಡುಗರು ಮರೆತಿರಲಾರರು. ಅಂಥ ದೊಡ್ಡ ಆಟಗಾರನಿಗೆ ಪರೀಕ್ಷೆಗಳಿಗೇನು ಕೊರತೆ? ಅವನು ಉಳಿದದ್ದು ಕೂಡಲೇ ಎದೆ ಒತ್ತಿ, ಯಂತ್ರದಿಂದ ಶಾಕ್ ಕೊಟ್ಟದ್ದರಿಂದ. ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಗ್ಲೂಕೋಸ್ ಬೇಡ, ಗಾಳಿ ಬೀಸುವುದೂ ಬೇಡ. ಒಬ್ಬರು 108ಕ್ಕೆ ಕರೆ ಮಾಡಿ, ಇನ್ನೊಬ್ಬರು ಎದೆಯ ಮಧ್ಯೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ನಮ್ಮ ಊರಿಗೆ ಆಂಬುಲೆನ್ಸ್ ಬರಲು ಎಷ್ಟು ನಿಮಿಷ ಬೇಕು ಎಂದು ನಿಮಗೇ ಗೊತ್ತು. ಎನ್ಎಸ್ಎಸ್ ಘಟಕ ಈ ವರ್ಷ ಒಂದು ಶನಿವಾರ ಕಸ ಹೆಕ್ಕುವ ಬದಲು ಇದನ್ನು ಕಲಿಸಲಿ.

ಸರ್ ಕೊನೆಗೆ, "ಸರಿ, ಹತ್ತು ಪ್ರಶ್ನೆ ಕನ್ನಡದಲ್ಲಿ ಬರೆದು ತಾ, ಪ್ರಾಂಶುಪಾಲರಿಗೆ ತೋರಿಸುತ್ತೇನೆ" ಎಂದಿದ್ದಾರೆ. ಬರೆದು ಕೊಟ್ಟಿದ್ದೇನೆ. ಜೀವಶಾಸ್ತ್ರದ ಮೇಡಂ ತಿದ್ದುತ್ತಿದ್ದಾರೆ, ನನ್ನ ಕಾಗುಣಿತವನ್ನೂ ಸೇರಿಸಿ. ಒಂದು ಪ್ರತಿ ಲೈಬ್ರರಿಯ ಮೇಜಿನ ಮೇಲಿದೆ. ಮನೆಗೆ ಒಯ್ದು ಉಮ್ಮನ ಹತ್ತಿರ ಕುಳಿತು ತುಂಬಿಸಿ, ಕುಟುಂಬದ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವರಿಗೇ. ಈ ಸಲ 400 ಮೀಟರ್‌ಗೆ ಹೆಸರು ಕೊಟ್ಟಿದ್ದೇನೆ. ಕಳೆದ ವರ್ಷ ಬಿದ್ದವಳೂ ಕೊಟ್ಟಿದ್ದಾಳೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ